ಚಾಲು

“ಎಲ್ಲಾ ಕೂತ್ಕಂಡವಾ? ಒಂದೂ ಎದ್ದಿಲ್ಲ ತಾನೆ?” ಎಂದು ಕೋದಂಡರಾಮಪ್ಪ ರೆಸಾರ್ಟಿನ ಕೌಂಟರಿನ ಮುಂದೆ ನಿಂತು ಫೋನಿನಲ್ಲಿ ಕೂಗುತ್ತಿದ್ದರು. ಅವರ ಫೋನ್ ಮಾತು ಯಾವತ್ತೂ ಹಾಗೇ, ಫೋನಿಲ್ಲದಿದ್ದರೂ ತಮ್ಮೂರು ಲಕ್ಕೂರಿಗೆ ಕೇಳಿಸಬೇಕು ಅನ್ನುವಷ್ಟು ಜೋರು. “ಜ್ವರ ಬಂದು ಕೂತಿರೋವಾಗ ಅಲ್ಲಾಡಿಸ್ಬ್ಯಾಡ ಕಣೋ ಆಂಜಿ. ಊಟ ಗೀಟ ಏನೂ ಹಾಕ್ಬ್ಯಾಡ. ಸುಣ್ಣ ಉದುರಿಸಿದ್ಯಾ? ಎಲ್ಲಾರ ಮ್ಯಾಲೂ ಬಿದ್ದೈತಾ?”

ಕೌಂಟರಿನ ಹುಡುಗಿ ಇವರ ಕೈಗೆ ಕಟ್ಟಲು ತೆಗೆದಿಟ್ಟಿದ್ದ ಕಿತ್ತಳೆ ಬಣ್ಣದ ಪಟ್ಟಿಗಳನ್ನು ಮೆಲ್ಲಗೆ ತನ್ನ ಕಡೆಗೇ ಎಳೆದುಕೊಂಡಳು. “ಸರ್, ಮನೇಲಿ ಯಾರಿಗಾದ್ರೂ ಜ್ವರ ಇದ್ರೆ ನೀರಾಟಕ್ಕೆ ಬಿಡೋ ಹಾಗಿಲ್ಲ ಸರ್.”

“ಹುಳಕ್ಕೆ ಮೇಡಂ, ಹುಳಕ್ಕೆ,” ಎಂದಳು ಸೊಸೆ ಅನಿತ, ಮುಖ ಕೆಂಪಗೆ ಮಾಡಿಕೊಂಡು. “ನಮ್ಮ ಮಾವ ರೇಷ್ಮೆ ಹುಳ ಸಾಕ್ತಾರೆ.”

ಹುಳ ಸಾಕದವರಿಗೆ ಇದು ವಿಚಿತ್ರವಾಗಿ ಕೇಳಿಸಿದರೆ ತಪ್ಪಿಲ್ಲ. ರೇಷ್ಮೆ ಹುಳ ಬೆಳೆಯುವ ನಡುನಡುವೆ ಸೊಪ್ಪು ತಿನ್ನುವುದನ್ನು ಬಿಟ್ಟು, ಕೂತಲ್ಲೇ ಕೂತು ಹಳೆಯ ಚರ್ಮ ಕಳಚುತ್ತದೆ. ರೈತರು ಅದನ್ನು ಜ್ವರ ಎನ್ನುತ್ತಾರೆ, ಆಗ ತಟ್ಟೆ ಒಣಗಿರಲೆಂದು ಸುಣ್ಣ ಉದುರಿಸುತ್ತಾರೆ. ಕೊನೆಯ ಜ್ವರ ಬಿಟ್ಟು ಎದ್ದಿತೋ, ಮುಂದೆ ಗೂಡು ಕಟ್ಟುವ ತನಕ ಹಗಲು ರಾತ್ರಿ ಅದಕ್ಕೆ ಮೇವು ಹಾಕಿ ಪೂರೈಸುವುದಿಲ್ಲ. ಹುಳದ ಮನೆಯವರು ನೆಂಟರ ಮನೆಗೋ ಆಸ್ಪತ್ರೆಗೋ ಹೋಗಬೇಕಾದರೆ ಜ್ವರದ ಒಂದು ದಿನ ಒಂದು ರಾತ್ರಿಯಲ್ಲೇ ಹೋಗಿ ಬರಬೇಕು. ಕೋದಂಡರಾಮಪ್ಪ ಮತ್ತು ಗಂಗರತ್ನಮ್ಮನ ಮದುವೆಗೆ ನಲವತ್ತು ತುಂಬಿದ ದಿನ ಹೋದ ವಾರವೇ ಕಳೆದಿತ್ತು. ಅದರ ಆಚರಣೆಯನ್ನು ಹುಳಕ್ಕೆ ಜ್ವರ ಬರುವ ತನಕ ಮುಂದಕ್ಕೆ ಹಾಕಿ, ಈಗ ಆಳು ಆಂಜಿಯನ್ನು ಹುಳದ ಕಾವಲಿಗೆ ಬಿಟ್ಟು ಬಂದಿದ್ದರು.

ಈ ಏರ್ಪಾಡೆಲ್ಲ ಅನಿತಳದು. ಅವಳ ಗಂಡ ಚಂದ್ರಮೋಹನ್ ಮಾಲೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವನು ರಜ ಹಾಕಿ, ಅಪ್ಪ, ಅಮ್ಮ, ಹೆಂಡತಿ, ಮಗಳು ಶ್ರೀವಾಣಿ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಕೋಲಾರದ ಹೈವೇ ಪಕ್ಕದ ಈ ಆಟದ ರೆಸಾರ್ಟಿಗೆ ಕರೆತಂದಿದ್ದ.

ಗಂಗರತ್ನಮ್ಮನಿಗೆ ರೆಸಾರ್ಟೂ ಬೇಕಿರಲಿಲ್ಲ, ಕೇಕೂ ಬೇಕಿರಲಿಲ್ಲ. “ಮದುವೆ ಒಂದ್ಸಲ ಆದ್ಮೇಲೆ ಮುಗೀತಲ್ಲಮ್ಮ. ವರ್ಷಾವರ್ಷ ಅದನ್ನೇನು ಮಾಡೋದು?” ಎಂದು ಸೊಸೆಯನ್ನು ಕೇಳಿದ್ದರು. ಅವರಿಗೆ ಬೇಕಿದ್ದದ್ದು ಒಂದೇ. ಈ ಬೆಳೆ ಮುಗಿದ ಮೇಲೆ ಹುಳದ ಮನೆಗೆ ಬೀಗ ಹಾಕಬೇಕು. ಸೊಪ್ಪಿನ ಹೊರೆ ಎತ್ತಿ ಎತ್ತಿ ಅವರ ಬಲಭುಜ ಹಿಡಿದುಕೊಂಡಿತ್ತು, ತಲೆ ಬಾಚಲು ಕೂಡ ಕೈ ಮೇಲೇಳುತ್ತಿರಲಿಲ್ಲ. ಮನೆ ನಡೆಯಲು ಮಗನ ಸಂಬಳವಿತ್ತು, ತೋಟದ ಬೀನ್ಸು ಇತ್ತು. ಇದನ್ನೆಲ್ಲ ಅವರು ಗಂಡನಿಗೆ ಎಷ್ಟೋ ಸಲ ಹೇಳಿದ್ದರು. ಪ್ರತಿ ಸಲವೂ ಕೋದಂಡರಾಮಪ್ಪ “ಆಯ್ತು, ಇದೊಂದು ಬೆಳೆ ಆಗ್ಲಿ” ಅನ್ನುವರು. ಆ ಬೆಳೆ ಮುಗಿಯುವ ಮೊದಲೇ, ಮರಿ ಹುಳ ಸಾಕಿ ಕೊಡುವ ಚನ್ನರಾಯಪ್ಪನಿಗೆ ಫೋನ್ ಮಾಡಿ ಮುಂದಿನದಕ್ಕೆ ಹೇಳಿಬಿಡುವರು. ಕೆಟ್ಟ ಮನುಷ್ಯ ಅಲ್ಲ. ಹೆಂಡತಿಗೆ ದಿನಾ ಭುಜಕ್ಕೆ ಮುಲಾಮು ಹಚ್ಚುವವರೂ ಅವರೇ. ಹಚ್ಚಿ, ಕೈ ತೊಳೆದುಕೊಂಡು, “ಏಳೇ, ಸೊಪ್ಪು ಹಾಕೋ ಹೊತ್ತಾಯ್ತು” ಅನ್ನುವವರೂ ಅವರೇ.

ಊಟದ ಹೊತ್ತಿಗೆ ಶ್ರೀವಾಣಿ ನೀರಿನಲ್ಲಿ ಆಡಿ ಆಡಿ ಬೆರಳೆಲ್ಲ ಸುಕ್ಕು ಮಾಡಿಕೊಂಡು ಬಂದಳು. ಅಜ್ಜ ಅಜ್ಜಿ ನೆರಳಿನಲ್ಲಿ ಕೂತು, ಇಲ್ಲಿ ಮೊದಲು ಯಾರ ಮಾವಿನ ತೋಪಿತ್ತು ಎಂದು ಮಾತಾಡುತ್ತಿದ್ದದ್ದು ಅವಳಿಗೆ ಸರಿಬೀಳಲಿಲ್ಲ.

“ಅಜ್ಜೀ, ಹಡಗು ಹತ್ತು. ನೀರಿಲ್ಲ, ಬಟ್ಟೆ ನೆನೆಯಲ್ಲ. ತಾತನೂ ಬರ್ಲಿ,” ಎಂದು ಇಬ್ಬರ ಕೈಯನ್ನೂ ಹಿಡಿದೆಳೆದಳು.

ದೊಡ್ಡ ಕಂಬಗಳ ನಡುವೆ ತೂಗುಹಾಕಿದ್ದ ಬಣ್ಣದ ಹಡಗು ಅದು. ಉಯ್ಯಾಲೆಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ ಅಷ್ಟೆ ಎಂದು ಅನಿತಳೂ ಹೇಳಿದಳು. ಅವಳು ಮಾತ್ರ ವೀಡಿಯೋ ತೆಗೆಯುವ ನೆಪ ಹೇಳಿ ಚಂದ್ರಮೋಹನನ ಜೊತೆ ಕೆಳಗೇ ಉಳಿದುಕೊಂಡಳು. ಕೋದಂಡರಾಮಪ್ಪ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಹೆಂಡತಿ, ಮೊಮ್ಮಗಳ ಜೊತೆ ಹತ್ತಿದರು. ಹಡಗು ನಡೆಸುವವನು ಗದಗದ ಕಡೆಯ ಮನುಷ್ಯ, ದಪ್ಪ ಮೀಸೆ. “ಗಟ್ಟಿ ಹಿಡಕೋರಿ ಯವ್ವಾ,” ಎಂದು ಗಂಗರತ್ನಮ್ಮನ ತೊಡೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿ ಇಳಿಸಿ ಹೋದ.

ಮೊದಲ ಎರಡು ತೂಗು ಚೆನ್ನಾಗಿಯೇ ಇತ್ತು. ಆಮೇಲೆ ಹಡಗು ನೆಟ್ಟಗೆ ಮೇಲೇರತೊಡಗಿತು. ಒಂದು ಸಲ ಮುಖದೆದುರಿಗೆ ಬರೀ ಆಕಾಶ, ಇನ್ನೊಂದು ಸಲ ದೂರದ ಇಟ್ಟಿಗೆ ಗೂಡುಗಳ ಹೊಗೆ, ಅದರ ಕೆಳಗೆ ಇರುವೆಯಷ್ಟು ಅನಿತ. ಗಂಗರತ್ನಮ್ಮ ಕಣ್ಣು ಮುಚ್ಚಿ ತಮ್ಮ ತವರಿನ ದೇವರನ್ನೆಲ್ಲ ಕರೆದರು. ಕೊನೆಗೂ ಹಡಗಿನ ಓಟ ಇಳಿಯಿತು. ಮೀಸೆಯವನು ಕಾಣುವಷ್ಟು ಕೆಳಗೆ ಬಂದದ್ದೇ ತಡ, ಅವರು ಎಡಗೈ ಎತ್ತಿ ಆಡಿಸುತ್ತಾ ಕೂಗಿದರು:

“ಚಾಲು ನಾಯನಾ, ಚಾಲು! ಚಾಲು!”

ಮೀಸೆಯವನ ಮುಖ ಅರಳಿತು. ಇಷ್ಟು ವಯಸ್ಸಾದ ಹೆಂಗಸು ಇಷ್ಟು ಹುರುಪಿನಿಂದ ಕೇಳಿದ್ದನ್ನು ಅವನು ಕಂಡಿರಲಿಲ್ಲವೇನೋ. “ಚಾಲೂ!” ಎಂದು ತಾನೂ ಕೈ ಎತ್ತಿ ಮತ್ತೆ ಗುಂಡಿ ಒತ್ತಿದ.

ಗಂಗರತ್ನಮ್ಮ ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿರುವ ಊರಿನವರು. ಮನೆಮಾತು ತೆಲುಗು. ನಲವತ್ತು ವರ್ಷ ಲಕ್ಕೂರಿನಲ್ಲಿ ಕನ್ನಡವಾಡಿದರೂ ಹೆದರಿಕೆ, ಸಿಟ್ಟು, ಲೆಕ್ಕ ಮೂರೂ ಅವರಿಗೆ ತೆಲುಗಿನಲ್ಲೇ ಬರುವುದು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಗದಗದವನಿಗೆ ಚಾಲು ಅಂದರೆ ಶುರು ಮಾಡು.

ಇದು ಅವರ ಸಂಸಾರಕ್ಕೆ ಹೊಸ ಪಜೀತಿಯೇನಲ್ಲ. ಮದುವೆಯಾದ ಹೊಸದರಲ್ಲಿ ಕೋದಂಡರಾಮಪ್ಪ ಪಂಪಿನ ಮನೆಯಲ್ಲಿ ಮೋಟರ್ ಹಾಕಿ ಕೂತಿದ್ದರು. ಹಿಪ್ಪುನೇರಳೆ ತೋಟದ ಕೊನೆಯಲ್ಲಿ ನೀರು ಕಟ್ಟುತ್ತಿದ್ದ ಹೊಸ ಹೆಂಡತಿ, ಪಾತಿ ತುಂಬಿದ್ದನ್ನು ನೋಡಿ “ಚಾಲು! ಚಾಲು!” ಎಂದು ಕೂಗಿದಳು. ಆಗಿನ್ನೂ ತೆಲುಗು ಬಾರದ ಗಂಡ ಒಳಗಿಂದಲೇ “ಚಾಲೂನೇ ಐತೆ ಕಣೇ!” ಎಂದು ಉತ್ತರ ಕೊಟ್ಟು ಕೂತೇ ಇದ್ದ. ಬದು ಒಡೆದು, ನೀರು ಪಕ್ಕದ ಗಂಗುಲಪ್ಪನ ಕಣಕ್ಕೆ ನುಗ್ಗಿ, ಅವನ ರಾಗಿ ತೆನೆಯ ರಾಶಿ ನೆನೆದು, ಊರೆಲ್ಲ ಸೇರಿ ಪಂಚಾಯ್ತಿ ಆಗಿತ್ತು. ಅವತ್ತು ರಾತ್ರಿ ಇಬ್ಬರೂ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಾ, ನಡೆದದ್ದನ್ನು ನೆನೆನೆನೆದು ನಕ್ಕಿದ್ದರು. ಆ ವರ್ಷವೇ ಕೋದಂಡರಾಮಪ್ಪ ತೆಲುಗು ಕಲಿತರು. ಕಲಿತ ಮೊದಲ ಮಾತು ಇದೇ.

ಹಡಗು ಎರಡನೇ ಸಲ ಆಕಾಶಕ್ಕೆ ಹೋಗುವಾಗ ಗಂಗರತ್ನಮ್ಮ ಕಣ್ಣು ಬಿಟ್ಟು ಗಂಡನ ಕಡೆ ನೋಡಿದರು. ಕೋದಂಡರಾಮಪ್ಪ ನಗುತ್ತಿದ್ದರು. ಟವೆಲ್ಲು ಬಿಚ್ಚಿ ಕುತ್ತಿಗೆಗೆ ಬಿದ್ದಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ. ಅವರು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಗಂಗರತ್ನಮ್ಮನಿಗೆ ಅದನ್ನು ಕಂಡು ಸಂತೋಷವಾದದ್ದು ನಿಜ. ಅದರ ಬೆನ್ನಿಗೇ ಸಿಟ್ಟು ಬಂದದ್ದೂ ನಿಜ.

ಇಳಿದ ಮೇಲೆ ಮೀಸೆಯವನು ಓಡಿ ಬಂದು ಕೈ ಮುಗಿದ. ಅನಿತ ಅವನಿಗೆ ವಿಷಯ ಹೇಳಿದ್ದಳು. “ತಪ್ಪು ತಿಳೀಬ್ಯಾಡ್ರಿ ಯವ್ವಾ. ಚಾಲೂ ಅಂದ್ರಲ್ಲ, ಅದಕ್ಕ ಇನ್ನೊಂದು ಸುತ್ತು ಬಿಟ್ಟೆ.”

“ನಿಂದೇನೂ ತಪ್ಪಿಲ್ಲ ಬಿಡಪ್ಪ,” ಎಂದರು ಗಂಗರತ್ನಮ್ಮ.

ಮಗ ಸೊಸೆ ಮೊಮ್ಮಗಳು ಐಸ್‌ಕ್ರೀಮಿನ ಕಡೆ ಹೋದರು. ಬೆಂಚಿನ ಮೇಲೆ ಕೂತ ಕೋದಂಡರಾಮಪ್ಪ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು. “ಗಂಗುಲಪ್ಪನ ಕಣ ನೆಪ್ಪಾಯ್ತು ಕಣೇ,” ಎಂದರು.

“ಆ ಮೀಸೆಯವನಿಗೆ ತೆಲುಗು ಬರಲ್ಲ, ಪಾಪ. ನಿಮಗೆ ಗೊತ್ತಿತ್ತಲ್ಲ? ಪಕ್ಕದಾಗೇ ಕೂತಿದ್ರಲ್ಲ? ನಿಲ್ಸಪ್ಪ ಅಂತ ಒಂದು ಮಾತು ಹೇಳೋಕೇನಾಗಿತ್ತು?”

“ನಗು ಬಂತು ಕಣೇ. ಬಾಯಿ ತೆಗೆಯೋಕಾಗ್ಲಿಲ್ಲ.”

“ಮನೇಲೂ ಹಂಗೇ ಮಾಡ್ತೀರಿ,” ಎಂದರು ಗಂಗರತ್ನಮ್ಮ. ಅವರ ದನಿ ಏರಲಿಲ್ಲ. “ಯಾವಾಗಿಂದ ಚಾಲು ಚಾಲು ಅಂತಿದ್ದೀನಿ. ನೀವು ಇನ್ನೊಂದು ಸುತ್ತು ಬಿಡ್ತೀರಿ. ನಿಮಗೆ ತೆಲುಗು ಬರ್ತೈತೆ. ಗೊತ್ತಿದ್ದೂ ಸುತ್ತು ಬಿಡ್ತೀರಿ.”

ಕೋದಂಡರಾಮಪ್ಪ ಟವೆಲ್ಲನ್ನು ಮಡಿಸಿದರು. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು. ಆಂಜಿಗೆ ಫೋನ್ ಮಾಡುವ ಹೊತ್ತಾಗಿದ್ದರೂ ಮಾಡಲಿಲ್ಲ.

ಸಂಜೆ ಹುಲ್ಲುಹಾಸಿನ ಮೇಲೆ ಕೇಕು ಬಂತು. ಅದರ ಮೇಲೆ ಇಬ್ಬರ ಹೆಸರೂ ಹಿಡಿಸದೆ, ಕೋದಂಡರಾಮಪ್ಪನವರ ಕೊನೆಯ ಅಕ್ಷರಗಳು ಅಂಚಿನಿಂದ ಕೆಳಗಿಳಿದಿದ್ದವು. ರೆಸಾರ್ಟಿನ ನಾಲ್ಕಾರು ಜನ ಬಂದು ಚಪ್ಪಾಳೆ ತಟ್ಟಿದರು. “ಅತ್ತೆ, ಮಾವನಿಗೆ ತಿನ್ನಿಸಿ,” ಎಂದು ಅನಿತ ಫೋನ್ ಹಿಡಿದಳು. ಕೋದಂಡರಾಮಪ್ಪ ಎತ್ತರದ ಆಳು. ಗಂಗರತ್ನಮ್ಮ ಒಂದು ತುಂಡು ತೆಗೆದುಕೊಂಡು ಬಲಗೈ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಸ್ವಲ್ಪ ಎತ್ತಲು ನೋಡಿದರು, ತುಟಿ ಕಚ್ಚಿದರು. ಕೈ ಅಲ್ಲೇ ಉಳಿಯಿತು.

ಮುಲಾಮು ಹಚ್ಚುವಾಗ ಕೋದಂಡರಾಮಪ್ಪ ಯಾವಾಗಲೂ ಹೆಂಡತಿಯ ಬೆನ್ನ ಹಿಂದೆ ಕೂತಿರುತ್ತಿದ್ದರು. ಆ ಮುಖವನ್ನು ಎದುರಿಗೆ ನಿಂತು ನೋಡಿದ್ದು ಇದೇ ಮೊದಲು. ಅವರು ಮೊಣಕಾಲು ಬಗ್ಗಿಸಿ, ಕೈ ಇದ್ದಲ್ಲಿಗೇ ಬಾಯಿ ತಂದು ಕೇಕು ತಿಂದರು. ಜನ ಅದನ್ನು ತಮಾಷೆ ಎಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿದರು.

“ಬಂದೆ ಇರಿ,” ಎಂದು ಬಾಯಿ ಒರೆಸಿಕೊಂಡು ಅವರು ಒಬ್ಬರೇ ಆಚೆ ಹೋದರು. ಯಾರಿಗೂ ಕೇಳಿಸಬಾರದೆಂದು ಮೂಲೆಯ ಪ್ಲಾಸ್ಟಿಕ್ ಆನೆಯ ಹಿಂದೆ ನಿಂತುಕೊಂಡರು. ಆದರೆ ಅವರ ಗಂಟಲಿಗೆ ಗುಟ್ಟು ಎಂಬುದೇ ಗೊತ್ತಿಲ್ಲವಲ್ಲ.

“ಚನ್ನರಾಯಪ್ಪಾ, ನಾನು ಕಣಪ್ಪ, ಕೋದಂಡ. ಮುಂದಿನ ಬೆಳೆಗೆ ನಮಗೆ ಮರಿ ಬ್ಯಾಡ… ಇಲ್ಲ, ಬೇರೆ ಯಾರ ಹತ್ರಾನೂ ಹೇಳಿಲ್ಲ. ಇನ್ಮ್ಯಾಲೆ ಹುಳ ಸಾಕಲ್ಲ… ನಮ್ಮನೇಲಿ ಚಾಲು ಅಂದವ್ರೆ… ಏ, ಚಾಲೂ ಮಾಡು ಅಂತಲ್ಲ ಕಣಯ್ಯ. ತೆಲುಗು ಚಾಲು… ಹೂಂ. ಅವಳು ಹೇಳಿ ಭಾಳ ದಿನ ಆಯ್ತು. ನನಗೇ ಕೇಳಿಸಿರ್ಲಿಲ್ಲ.”

ಅನಿತ ಅತ್ತೆಯ ಮುಖ ನೋಡಿದಳು. ಗಂಗರತ್ನಮ್ಮ ಬೆರಳಿಗಂಟಿದ ಕೆನೆಯನ್ನು ಸೆರಗಿನ ತುದಿಯಿಂದ ಬಹಳ ಹೊತ್ತು ಒರೆಸಿಕೊಂಡರು. “ಮಗೂನ ಕರ್ಕೊಂಡು ಊಟಕ್ಕೆ ನಡೀರಮ್ಮ,” ಎಂದರು. “ನಾವು ಹಿಂದೇನೇ ಬರ್ತೀವಿ.”

ಕೋದಂಡರಾಮಪ್ಪ ವಾಪಸು ಬಂದು, ಏನೂ ಆಗದವರಂತೆ ಹೆಂಡತಿಯ ಪಕ್ಕ ಕೂತರು. ಗಂಗರತ್ನಮ್ಮನೂ ಏನೂ ಕೇಳಿಸದವರಂತೆ ಕೂತಿದ್ದರು.

“ಹುಳ ಇಲ್ದಿದ್ರೆ,” ಎಂದು ಕೋದಂಡರಾಮಪ್ಪ ಶುರು ಮಾಡಿದರು. ಈ ಸಲ ದನಿ ನಿಜವಾಗಿಯೂ ಮೆಲ್ಲಗಿತ್ತು. “ಸೊಪ್ಪು, ಜ್ವರ, ಗೂಡು, ಮಾರ್ಕೆಟ್ಟು… ಇಷ್ಟೇ ತಾನೆ ನಾವು ಮಾತಾಡ್ಕಂಡು ಬಂದಿದ್ದು. ಅದೂ ಇಲ್ದಿದ್ರೆ ನಾವಿಬ್ರೂ ದಿನಾಲೂ ಏನ್ ಮಾತಾಡೋದೇ?”

ಇದಕ್ಕೇ ಇಷ್ಟು ದಿನ ಬಿಡದೆ ಹಿಡಿದುಕೊಂಡಿದ್ದರೇ ಎಂದು ಗಂಗರತ್ನಮ್ಮನಿಗೆ ಗಂಡನ ಮೇಲೆ ಒಮ್ಮೆಗೇ ಅಯ್ಯೋ ಅನ್ನಿಸಿತು. ಎಡಗೈಯಿಂದ ಅವರ ಕೊರಳಿನ ಟವೆಲ್ಲು ಸರಿಮಾಡಿದರು.

“ಮಾತಾಡ್ಬೇಡಿ,” ಎಂದರು. “ಸುಮ್ಕೆ ಪಕ್ಕದಾಗೆ ಕೂತ್ಕಳಿ.”

ಎದುರಿಗೆ ಹಡಗಿನ ಕೊನೆಯ ಆಟ ಮುಗಿಯುತ್ತಿತ್ತು. ಮೀಸೆಯವನು ಗುಂಡಿ ಒತ್ತಿ ಮೋಟರ್ ನಿಲ್ಲಿಸಿದ. ಮೋಟರ್ ನಿಂತರೂ ಹಡಗು ಒಂದೇ ಸಲಕ್ಕೆ ನಿಲ್ಲಲಿಲ್ಲ. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಪ್ರತಿ ಸಲವೂ ಸ್ವಲ್ಪ ಕಡಿಮೆ. ಅದು ತಾನಾಗಿ ನಿಲ್ಲುವ ತನಕ ಇಬ್ಬರೂ ನೋಡುತ್ತಾ ಕೂತಿದ್ದರು.