ಪ್ರೇಮಲತಾಳ ದನಿ ಇರುವ ಫೈಲು

ಮೊಳಕಾಲ್ಮೂರಿನ ಬಸ್ಸು ಇಳಿದು ಚಳ್ಳಕೆರೆಯ ಪಾಲಾಕ್ಷನ ಅಂಗಡಿ ಮುಟ್ಟುವಷ್ಟರಲ್ಲಿ ಎರ್ರಿಸ್ವಾಮಿ ಜೇಬಿನ ಪೆನ್‌ಡ್ರೈವನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡನೋ. ಜೊತೆಗೆ ಅತ್ತೆ ನಿಂಗಕ್ಕ. ಮಗಳು ಪ್ರೇಮಲತಾ ಡೆಂಗಿ ಜ್ವರದಲ್ಲಿ ಹೋದ ಮೇಲೆ ಆಕೆ ಸಿದ್ದಾಪುರದ ಮನೆ ಬಿಟ್ಟು ಹೊರಟಿದ್ದು ಇದೇ ಮೊದಲು. "ನಿಮ್ಮ ಮಗಳ ದನಿ ನನ್ನ ಹತ್ರ ಐತೆ ಅತ್ತೆ, ಕೇಳಿಸ್ತೀನಿ ಬರ್ರಿ" ಎಂದು ಅಳಿಯ ಮಾತು ಕೊಟ್ಟಿದ್ದ. ಆ ಮಾತಿಗೆ ಮುದುಕಿ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಎರ್ರಿಸ್ವಾಮಿ ಮದುವೆಯ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನು. ಹೆಂಡತಿಯೂ ಹಾಡುತ್ತಿದ್ದಳು, ಆದರೆ ಮನೆಯೊಳಗೆ ಮಾತ್ರ. ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಟ. ಒಂದೇ ಒಂದು ಸಂಜೆ, ಅದೇನನ್ನಿಸಿತೋ, ಅವ್ವ ಕಲಿಸಿದ ಬೀಸುವ ಪದವೊಂದನ್ನು ಹಾಡುತ್ತೇನೆ ಎಂದು ತಾನಾಗಿಯೇ ಬಂದು ಕೂತಳು. ಅವನು ಮೈಕನ್ನು ಕೀಬೋರ್ಡಿಗೇ ಚುಚ್ಚಿದ, ರೆಕಾರ್ಡ್ ಗುಂಡಿ ಒತ್ತಿದ, ನುಡಿಸಿದ. ಅವಳ ದನಿಯೂ ಅವನ ಸ್ವರವೂ ಒಂದೇ ಸ್ಪೀಕರಿನಿಂದ ಹೊರಬಂದವು. ಒಟ್ಟಿಗೆ ಹೊರಬಂದದ್ದು ಒಟ್ಟಿಗೇ ಒಳಗೂ ಕೂತಿರುತ್ತದೆ ಎಂದು ಅವನು ನಂಬಿದ. ಯಾರಾದರೂ ನಂಬುತ್ತಿದ್ದರು ಬಿಡಿ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ, "ನಾಳೆ ಕೇಳಾಣ" ಎಂದು ಇಬ್ಬರೂ ಮಲಗಿದರು. ಮಾರನೆಯ ದಿನ ಅವಳಿಗೆ ಜ್ವರ ಬಂತು. ಅವಳು ಹೋದ ತಿಂಗಳಲ್ಲೇ ಆರ್ಕೆಸ್ಟ್ರಾದ ಟೆಂಪೊ ಹಳ್ಳಕ್ಕೆ ಉರುಳಿ ಕೀಬೋರ್ಡೂ ಪುಡಿಯಾಯಿತು.

ಉಳಿದ ಆ ಫೈಲು ಮೊಬೈಲಿನಲ್ಲೂ ಹಾಡಲಿಲ್ಲ, ಟಿವಿಯಲ್ಲೂ ಹಾಡಲಿಲ್ಲ. ಅದಕ್ಕೇ ಗೆಳೆಯ ಪಾಲಾಕ್ಷನ ಬಳಿ ಬಂದದ್ದು. ಅವನದು ಜೆರಾಕ್ಸ್, ಲಗ್ನಪತ್ರಿಕೆಯ ಅಂಗಡಿ. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಯಿತೆಂದು ಲಿನಕ್ಸ್ ಹಾಕಿಕೊಂಡಿದ್ದ. ಬಂದವರಿಗೆಲ್ಲ ಅದನ್ನು ಹೊಗಳಿ ಹೊಗಳಿ ಅವರ ಚಹಾ ಆರಿಸುತ್ತಿದ್ದ.

"ಇದು ಮಿಡಿ ಫೈಲು ಕಣಲೇ," ಎಂದ ಪಾಲಾಕ್ಷ. "ಇದನ್ನ ನುಡಿಸಾಕೆ ಒಂದು ಸಿಂಥಸೈಜರ್ ಬೇಕು. ಪೆಟ್ಟಿಗೆ ಅಲ್ಲ, ಸಾಫ್ಟ್‌ವೇರ್ನಾಗೇ ಸಿಗ್ತೈತೆ."

ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಿ ಫ್ಲೂಯಿಡ್‌ಸಿಂತ್ ಎಂಬುದನ್ನು ಇಳಿಸಿದ. ಅದು ಓಡಿತು, ಉಸಿರು ಮಾತ್ರ ಬಿಡಲಿಲ್ಲ. ಅದಕ್ಕೆ ಸೌಂಡ್‌ಫಾಂಟ್ ಎಂಬ ಇನ್ನೊಂದು ಫೈಲು ಬೇಕಂತೆ; ಪಿಯಾನೊ, ಕೊಳಲು, ಪಿಟೀಲು, ಎಲ್ಲ ವಾದ್ಯಗಳ ದನಿಯ ಮೂಟೆ ಅದು. ಎರ್ರಿಸ್ವಾಮಿಯ ಮೊಬೈಲಿನ ನೆಟ್‌ನಲ್ಲಿ ಅದನ್ನೂ ಇಳಿಸಿದರು. ಆಗಲೂ ಸದ್ದಿಲ್ಲ. ಫೈಲು ಒಂದು ಬಾಗಿಲಿಗೆ ಹೋಗುತ್ತಿದೆ, ಸಿಂಥಸೈಜರ್ ಇನ್ನೊಂದು ಬಾಗಿಲಲ್ಲಿ ಕಾಯುತ್ತಿದೆ, ಎರಡನ್ನೂ ಜೋಡಿಸಬೇಕು ಎಂದ ಪಾಲಾಕ್ಷ.

"ಹಲ್ಲಿದ್ದೋನಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರಲ್ಲ, ಹಂಗಾಗೈತೆ ನೋಡು," ಎಂದು ನಗುತ್ತ ಜೋಡಿಸುವ ಸಾಲನ್ನು ಟೈಪ್ ಮಾಡತೊಡಗಿದ.

ನಿಂಗಕ್ಕ ಬೆಂಚಿನ ಮೇಲೆ ಚಹಾ ಮುಟ್ಟದೆ ಕೂತಿದ್ದಳು.

"ಲೇ, ದನಿ ಎಲ್ಲಾ ಆ ಮೂಟೆಯಾಗೆ ಇದ್ರೆ, ನನ್ನ ಫೈಲ್ನಾಗೆ ಏನೈತೆ?" ಎಂದು ಕೇಳಿದ ಎರ್ರಿಸ್ವಾಮಿ.

"ನಿನ್ನ ಬೆರಳು. ಯಾವ ಕೀ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ, ಯಾವಾಗ ಬಿಟ್ಟೆ. ಅಷ್ಟೇ."

"ಪ್ರೇಮಾ ಹಾಡಿದ್ದು?"

ಪಾಲಾಕ್ಷನ ನಗು ನಿಂತಿತು. ಗೆಳೆಯನ ಮುಖ ನೋಡಿದ, ಬೆಂಚಿನತ್ತ ನೋಡಿದ, ದನಿ ತಗ್ಗಿಸಿದ. "ಮೈಕಿನ ದನಿ ಮಿಡಿಯಾಗೆ ಸೇರಲ್ಲ ಕಣೋ. ಸೇರಾದೇ ಇಲ್ಲ."

ಎರ್ರಿಸ್ವಾಮಿಯ ಕೈ ಖಾಲಿ ಜೇಬಿಗೆ ಹೋಯಿತು. ಹೆಂಡತಿ ಸತ್ತ ದಿನ ಎಲ್ಲರಂತೆ ಅತ್ತಿದ್ದ. ಆದರೆ ಒಳಗೆಲ್ಲೋ, ಪೂರ್ತಿ ಹೋಗಿಲ್ಲ, ಒಂಚೂರು ಜೇಬಿನಲ್ಲಿ ಉಳಿದಿದ್ದಾಳೆ ಎಂಬ ಧೈರ್ಯವಿತ್ತು. ಇಷ್ಟು ದಿನ ಉಂಡದ್ದು, ಮಲಗಿದ್ದು ಆ ಧೈರ್ಯದ ಮೇಲೆಯೇ. ಈಗ ಅದೂ ಇಲ್ಲವಾಯಿತು.

"ಆಯ್ತೇನಪ್ಪಾ?" ಎನ್ನುತ್ತ ನಿಂಗಕ್ಕ ಎದ್ದು ಬಂದಳು.

ಆಗಲೇ ಹೇಳಿಬಿಡಬೇಕಿತ್ತು. ಎರ್ರಿಸ್ವಾಮಿ ಸರಿದು ಆಕೆಗೆ ಜಾಗ ಬಿಟ್ಟ. ಪಾಲಾಕ್ಷ ಏನು ಮಾಡಬೇಕೆಂದು ತೋಚದೆ ಎಂಟರ್ ಒತ್ತಿದ.

ಹಾಡು ಶುರುವಾಯಿತು. ಎರ್ರಿಸ್ವಾಮಿಯದೇ ಬೆರಳು. ಮೊದಲ ಸಾಲು ಎತ್ತಿಕೊಂಡ ರೀತಿ, ಅವಳು ತಾಳ ತಪ್ಪಿದಾಗ ತುಸು ಕಾದದ್ದು, ಅವಳ ದನಿ ಮೇಲೇರುವಲ್ಲಿ ಮೆಲ್ಲಗೆ ಒತ್ತಿದ್ದು, ಎಲ್ಲ ಹಾಗೆಯೇ ಇತ್ತು. ಅವಳಿಗೆಂದು ಬಿಟ್ಟ ಜಾಗವೆಲ್ಲ ಇತ್ತು. ಅವಳಿರಲಿಲ್ಲ.

"ಇದು ನೀನು ಬಾರಿಸೋದು. ಪದ ನಂದೇ," ಎಂದಳು ನಿಂಗಕ್ಕ. "ಅವಳು ಯಾವಾಗ ಬರ್ತಾಳೆ?"

ಅಷ್ಟರಲ್ಲಿ ವಾದ್ಯ ನಿಂತಿತು. ಎರ್ರಿಸ್ವಾಮಿಗೆ ಆಗ ನೆನಪಾಯಿತು: ಆ ಸಂಜೆ ಪದದ ಈ ನುಡಿ ಬಂದಾಗ ಅವಳು ಅವನ ಕೈ ಹಿಡಿದು ಕೀಬೋರ್ಡಿನಿಂದ ಎತ್ತಿದ್ದಳು, ಇದನ್ನು ನಾನೊಬ್ಬಳೇ ಹಾಡುತ್ತೇನೆ ಎನ್ನುವ ಹಾಗೆ. ಅವನು ಕೈ ಕಟ್ಟಿಕೊಂಡು ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಆ ಇಡೀ ನುಡಿ ಈಗ ಸದ್ದೇ ಇಲ್ಲದೆ ಸಾಗುತ್ತಿತ್ತು.

"ಇಲ್ಲೇ ಹಾಡ್ತಾವ್ಳೆ ಅತ್ತೆ," ಎಂದುಬಿಟ್ಟ. ಮುದುಕಿಯ ಮುಖ ನೋಡಿ ಬಂದ ಮಾತು ಅದು.

ನಿಂಗಕ್ಕ ತಲೆಯ ಮೇಲಿನ ಸೆರಗು ಸರಿಸಿ, ಬಗ್ಗಿ, ಸ್ಪೀಕರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಹಾಗೆಯೇ ಇದ್ದಳು.

"ನನ್ನ ಕಿವಿ ಮಂದ ಆಗ್ಯಾವೆ ಕಣಪ್ಪಾ," ಎಂದಳು, ತಪ್ಪೆಲ್ಲ ತನ್ನದೇ ಎಂಬಂತೆ. "ಒಂಚೂರು ಜೋರು ಮಾಡು."

ಎರ್ರಿಸ್ವಾಮಿ ಅಳುತ್ತಲೇ ಸೌಂಡನ್ನು ಪೂರ್ತಿ ಏರಿಸಿದ.