ಮರಗಮ್ಮನ ಬಾರುಕೋಲು

ಭೀಮಶಾ ತಮ್ಮನ ಹೆಣದ ಗದ್ದ ಹಿಡಿದು ಬಾಯಿ ತೆರೆಯಲು ನೋಡುತ್ತಿದ್ದ. ಬಾಯಿ ತೆರೆಯಲಿಲ್ಲ. ಎಡಗೈಯಲ್ಲಿ ಮುಚ್ಚಳ ಬಿಚ್ಚಿದ ಸೆರೆಯ ಬಾಟಲಿ. ಬಲಗೈ ಹೆಬ್ಬೆರಳು ದೇವಿಂದ್ರಪ್ಪನ ತಣ್ಣನೆಯ ತುಟಿಗಳ ನಡುವೆ. ಹಲ್ಲಿಗೆ ಗಾಜು ತಾಗಿ ಕಟಕ್ಕೆಂದಿತು.

"ಬಿಡ್ರಿ ಭಾವ," ಎಂದು ಸತ್ತವನ ಹೆಂಡತಿ ಪುತಳಾಬಾಯಿ ಅವನ ಮಣಿಕಟ್ಟು ಹಿಡಿದಳು. "ಈ ಬಾಯಿಗಿ ಬಿದ್ದದ್ದು ಸಾಕು."

"ತೀರ್ಥ ಇದು. ಮೂರು ಹನಿ ಬೀಳದ ಮರಗಮ್ಮನ ಪೋತರಾಜನ್ನ ಮಣ್ಣಿಗಿ ಇಳಸಾಂಗಿಲ್ಲ."

"ಪೋತರಾಜಕಿ ಎಂದೋ ಬಿಟ್ಟಿದ್ದ. ನನ್ನ ಗಂಡ ಕಪನೂರದಾಗ ವೆಲ್ಡಿಂಗ್ ಮಾಡ್ತಿದ್ದ."

ಭೀಮಶಾ ಕೊಸರಿಕೊಂಡ ರಭಸಕ್ಕೆ ಅವಳು ಹೆಣ ಹೂಳಲು ತೋಡಿದ್ದ ಕುಣಿಯ ದಂಡೆಯ ಕೆಂಪು ಮಣ್ಣಿನ ಮೇಲೆ ಬಿದ್ದಳು. ಕಲಬುರಗಿಯ ದವಾಖಾನೆಯಿಂದ ಹುಟ್ಟೂರು ಕಮಲಾಪುರದವರೆಗೆ ತನ್ನ ಟಂಟಂ ಗಾಡಿಯಲ್ಲಿ ಹೆಣ ತಂದಿದ್ದ ಪಕ್ಕದ ಮನೆಯ ಕರೀಂಸಾಬ್ ನಡುವೆ ಬಂದ. "ನಕೋ ಭೀಮಶಾಭಾಯ್, ಹೆಣ್ಮಗಳ ಮ್ಯಾಲ ಕೈ..." ಮಾತು ಮುಗಿಯುವ ಮೊದಲೇ ಮೊಳಕೈ ಅವನ ಮೂಗಿಗೆ ಬಿತ್ತು. ರಕ್ತ ಬಿಳಿ ಗಡ್ಡಕ್ಕೆ ಇಳಿಯಿತು.

"ಸತ್ತಾಂವ ಸುಮ್ಮ ಮಲಗ್ಯಾನ, ಇದ್ದವರೇ ಕುಡದವರಂಗ ಮಾಡಾಕತ್ತಾರ ನೋಡವ್ವ," ಎಂದಳು ನೆರೆದ ಹೆಂಗಸರಲ್ಲಿ ಒಬ್ಬಳು.

ಪುತಳಾಬಾಯಿಯ ಮಗ ಸಾಯಿಕುಮಾರ ನಂದೂರಿನ ಬೇಳೆ ಮಿಲ್ಲಿನಲ್ಲಿ ಮೂಟೆ ಹೊರುವ ಗಟ್ಟಿ ಆಳು. ಅವನು ಜಗಳ ಬಿಡಿಸಲು ಬರಲಿಲ್ಲ. ದೊಡ್ಡಪ್ಪನ ಹೆಗಲ ಮೇಲಿದ್ದ ಬಾರುಕೋಲನ್ನೇ ನೋಡುತ್ತ ನಿಂತಿದ್ದ. ಹೆಣಕ್ಕೆ ಮೂರು ಹನಿ, ಉಳಿದದ್ದು ಮಗನಿಗೆ. ಕುಡಿದ ಮಗನ ಹೆಗಲಿಗೆ ಬಾರುಕೋಲು. ದೇವಿಯ ಹೆಸರಲ್ಲಿ ಮೈಗೆ ಹೊಡೆದುಕೊಳ್ಳುವ ಪೋತರಾಜನ ಮನೆಯಲ್ಲಿ ಅದು ದಾಟುತ್ತ ಬಂದದ್ದು ಹೀಗೆಯೇ. ಪುತಳಾಬಾಯಿಯ ಜೀವ ಹೊಡೆದುಕೊಳ್ಳುತ್ತಿದ್ದುದು ಮಗನ ಬಾಯಿಗಾಗಿ.

*

ಹುಡುಗ ದೇವಿಂದ್ರಪ್ಪನ ಕೂದಲು ಗಂಟುಗಟ್ಟಿ ಜಡೆಯಾದಾಗ, ಮರಗಮ್ಮ ತಾಯಿ ಇವನನ್ನು ತನ್ನ ಪೋತರಾಜನಾಗಿ ಆರಿಸಿಕೊಂಡಳು ಎಂದು ಅವನ ಅಪ್ಪ ಸಾರಿದ. ಮರಗಮ್ಮನ ಗುಡಿಯ ಮುಂದೆ ಹುಡುಗ ಬಾಯಿ ಬಿಗಿಹಿಡಿದ. ಗದ್ದ ಅಮುಕಿ ತೆರೆದವನು ಅಣ್ಣ ಭೀಮಶಾನೇ. ಸೆರೆ ಗಂಟಲಿಗಿಳಿಯಿತು, ಬಾರುಕೋಲು ಬೆನ್ನಿಗೆ ಬಿತ್ತು, ಒಳಗೆ ಯಾರೋ ದೀಪ ಹಚ್ಚಿದಂತಾಯಿತು. "ನೋವೇ ಇದ್ದಿಲ್ಲ ಪುತಳಿ. ನಾನೇ ಇದ್ದಿಲ್ಲ," ಎಂದು ಮದುವೆಯ ಹೊಸದರಲ್ಲಿ ಹೇಳಿದ್ದ.

ಮೈಮೇಲೆ ದೇವಿ ಇದ್ದಾಗ ಊರು ಅವನ ಕಾಲಿಗೆ ಬೀಳುತ್ತಿತ್ತು. ಮರುದಿನ ಅದೇ ಊರು ಅವನನ್ನು ಹೋಟೆಲಿನ ಹೊರಗೆ ನಿಲ್ಲಿಸಿ ಚಹಾ ಕೊಡುತ್ತಿತ್ತು. ಆ ಸಿಟ್ಟಿಗೇ ಗಂಡ ಹೆಂಡತಿ ಕಲಬುರಗಿ ಸೇರಿ ಬುದ್ಧವಿಹಾರದಲ್ಲಿ ಪಂಚಶೀಲ ತೆಗೆದುಕೊಂಡರು. ಜಡೆ ಕತ್ತರಿಸಿದವಳು ಪುತಳಾಬಾಯಿ. ಬಾರುಕೋಲನ್ನು ಸುಡಲು ಮಾತ್ರ ಅವಳಿಗೆ ಕೈ ಬರಲಿಲ್ಲ, ಭೀಮಶಾನಿಗೆ ಕೊಟ್ಟುಬಿಟ್ಟಳು.

ದೇವಿ ಹೋದಳು, ಸೆರೆ ಉಳಿಯಿತು. ಕಲಬುರಗಿಯ ಅಂಚಿನ ಕಪನೂರಿನ ಕೋಣೆಯಲ್ಲಿ ದೇವಿಂದ್ರಪ್ಪ ಬಾಟಲಿ ಮುಗಿಸಿ, ವೆಲ್ಡಿಂಗ್ ಕೇಬಲಿನ ತುಂಡಿನಿಂದ ತನ್ನ ಬೆನ್ನಿಗೇ ಹೊಡೆದುಕೊಳ್ಳುತ್ತಿದ್ದ.

"ಬಂದಾಳೇನ? ನನ್ನ ಮಾರಿ ನೋಡಿ ಹೇಳು, ಬಂದಾಳೇನ?"

"ಯಾರೂ ಬಂದಿಲ್ಲ. ಮಲಗ್ರಿ."

"ನೀನೇ ಕಳಿಸಿದಿ ಆಕೀನ!"

ಆಮೇಲಿನ ಏಟುಗಳೆಲ್ಲ ಅವಳ ಬೆನ್ನಿಗೆ. ಒಮ್ಮೆ ಬಲಗಿವಿಯೇ ಹರಿಯಿತು. ಹೊಡೆದು ಸೋತು, ತಲೆ ಎತ್ತಿ, ಯಾರದೋ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟವನಂತೆ ಕೂಡುತ್ತಿದ್ದ. ಮೂಲೆಯಲ್ಲಿ ಮುದುಡಿದ ಸಾಯಿಕುಮಾರನ ಕಣ್ಣು ಆ ಮುಖದ ಮೇಲೇ ಇರುತ್ತಿತ್ತು.

*

"ಬಾರಲೇ ಸಾಯಿ," ಭೀಮಶಾ ಕರೆದ. ಮುಚ್ಚಿದ ತುಟಿಗಳ ಮೇಲೇ ಸೆರೆ ಸುರಿದಿದ್ದ. ಅದು ಗದ್ದದಿಂದಿಳಿದು ಹೆಣದ ಬಿಳಿ ಬಟ್ಟೆಗೆ ಹಿಡಿದಿತ್ತು. "ಉಳದದ್ದು ನಿಂದು. ಇಲ್ಲಂದ್ರ ನಿಮ್ಮಪ್ಪನ ಜೀವ ನೀರಡಸಿ ತಿರಗ್ತದ."

ಸಾಯಿಕುಮಾರ ಅಂಗಿಯ ಗುಂಡಿ ಬಿಚ್ಚುತ್ತಲೇ ಬಂದ. ಬೆನ್ನು ಬರಿದು ಮಾಡಿ ನಿಂತು ಸಣ್ಣ ದನಿಯಲ್ಲಿ ಕೇಳಿದ: "ದೊಡ್ಡಪ್ಪ, ಅಪ್ಪಗ ಬರ್ತಿತ್ತಲ್ಲ... ನನಗೂ ಬರ್ತದೇನು?"

ಪುತಳಾಬಾಯಿ ಎದ್ದಳು. ಭೀಮಶಾನ ಹೆಗಲಿನಿಂದ ಬಾರುಕೋಲು ಕಿತ್ತು, ಬಾಟಲಿ ಹಿಡಿದ ಅವನ ಕೈಗೆ ಬೀಸಿದಳು. ಬಾಟಲಿ ಕಲ್ಲಿಗೆ ಬಡಿದು ಚೂರಾಯಿತು. ಮುಂದಿನ ಏಟು ಮಗನ ಬೆನ್ನಿಗೆ.

"ಬಂತೇನ?"

"ಯವ್ವಾ..."

ಮತ್ತೊಂದು. ಚರ್ಮ ಬಿರಿದು ರಕ್ತ ಜಿನುಗಿತು. "ಬಂತೇನ, ಹೇಳಲೇ!"

"ಇಲ್ಲ ಯವ್ವ! ಬರೇ ಉರಿ!"

"ನಿಮ್ಮಪ್ಪ ಅದಕ್ಕೇ ಕಾದ. ರಕ್ತ ಕಾರೂತನಕ ಕಾದ."

ಕೆದರಿದ ಕೂದಲು, ಕೈಯಲ್ಲಿ ಬಾರುಕೋಲು. ಹೆಂಗಸರ ಗುಂಪಿನಲ್ಲಿ ಒಬ್ಬಳು ಕೈಮುಗಿದು ನೆಲಕ್ಕೆ ಬಾಗಿದಳು. "ತಾಯಿ ಬಂದಾಳ್ರಿ ಆಕಿ ಮೈಯಾಗ!"

"ಯಾರೂ ಬಂದಿಲ್ಲ!" ಪುತಳಾಬಾಯಿ ಚೀರಿದಳು. "ನಾನೇ ಅದೀನಿ!"

ಭೀಮಶಾ ಕುಸಿದು ಕುಳಿತು, ಬಾಸುಂಡೆ ಎದ್ದ ಕೈಯಿಂದ ತಮ್ಮನ ಗದ್ದ ಒರೆಸತೊಡಗಿದ. ಎಷ್ಟು ಹೇಳಿದರೂ ನಿಲ್ಲಿಸಲಿಲ್ಲ. ಕೊನೆಗೆ ಅವನ ಕೈ ಸರಿಸಿ ಹೆಣ ಎತ್ತಬೇಕಾಯಿತು. ಕರೀಂಸಾಬ್ ಮೂಗು ಒರೆಸಿಕೊಂಡು ಕಾಲಿನ ಕಡೆ ಹಿಡಿದ.

ದೇವಿಂದ್ರಪ್ಪನನ್ನು ಕುಣಿಗೆ ಇಳಿಸಿದ ಮೇಲೆ ಅವಳು ಬಾರುಕೋಲನ್ನೂ ಒಳಗೆ ಎಸೆದಳು; ಅದರ ಒಂದು ತುದಿ ಕುಣಿಯ ದಂಡೆಗೆ ಸಿಕ್ಕಿಕೊಂಡಿತು. ಸಾಯಿಕುಮಾರ ಸಲಿಕೆ ಹಿಡಿದ. ಬಗ್ಗಿ ಎದ್ದಾಗಲೆಲ್ಲ ಬೆನ್ನಿನ ಎರಡು ಗೆರೆಗಳು ಬಾಯಿಬಿಡುತ್ತಿದ್ದವು. ಕುಣಿ ತುಂಬಿತು. ಬಾರುಕೋಲಿನ ತುದಿ ಮಾತ್ರ ಬೆರಳುದ್ದ ಮಣ್ಣಿನ ಮೇಲೆ ಉಳಿದಿತ್ತು. ಸಾಯಿಕುಮಾರ ಅದನ್ನು ನೋಡಿ ಸಲಿಕೆ ನಿಲ್ಲಿಸಿದ.

ಪುತಳಾಬಾಯಿ ಬಂದು ಅದರ ಮೇಲೆ ಹಿಮ್ಮಡಿ ಊರಿದಳು.

ಎಲ್ಲರೂ ಕೈಕಾಲು ತೊಳೆಯಲು ಬೋರಿನ ಕಡೆ ಹೊರಟರು. "ಬಾ ಯವ್ವ," ಎಂದು ಮಗ ಕರೆದ. ಅವಳು ಕಾಲೆತ್ತಲಿಲ್ಲ.