ತೊಳೆದ ಡಬ್ಬಿ

ಭಕ್ತಿಗೂ ಒಂದು ಮಿತಿ ಬೇಡವೇ? ಅರವತ್ತೊಂದರ ಆಯುಧಪೂಜೆಯ ಬೆಳಿಗ್ಗೆ ಬಂಗಾರಪ್ಪ ಗ್ಯಾಸ್ ಮುಖವಾಡದ ಇದ್ದಿಲ ಡಬ್ಬಿಯನ್ನು ನಲ್ಲಿಯ ಕೆಳಗಿಟ್ಟು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿದ್ದ. ಮೇಲೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ, ಸುತ್ತ ಸೇವಂತಿಗೆ ಹಾರ.

ಭದ್ರಾವತಿಯ ಹೊರಗೆ, ಕಟ್ಟಿಗೆ ಕಾಯಿಸಿ ಸ್ಪಿರಿಟ್ ತೆಗೆಯುವ ಸಣ್ಣ ಕಾರ್ಖಾನೆ ನಮ್ಮದು. ಮುಚ್ಚಿದ ಟ್ಯಾಂಕಿನೊಳಗೆ ಇಳಿದು ತಳದ ಗಸಿ ಬಳಿಯುವವನು ಬಂಗಾರಪ್ಪ. ಒಳಗಿನ ವಿಷವನ್ನು ಡಬ್ಬಿಯ ಇದ್ದಿಲು ಹೀರಿಕೊಂಡರೆ ಅವನು ಮೇಲೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ. ಆ ಡಬ್ಬಿಯನ್ನು ಆಗಾಗ ತೂಗಿ ನೋಡುವುದು ನನ್ನ ಕೆಲಸ. ತೂಕ ಏರಿತೆಂದರೆ ಇದ್ದಿಲು ಸೋತಿದೆ ಎಂದರ್ಥ. ಇನ್ನೊಂದು ಡಬ್ಬಿ ತರಿಸಿ ಎಂದು ಬೇಸಿಗೆಯಿಂದ ಮ್ಯಾನೇಜರ್ ಷಡಕ್ಷರಪ್ಪನವರ ಮುಂದೆ ಬಾಯಿ ಬಡಿದುಕೊಂಡಿದ್ದೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಗಾಡಿ ತುಂಬ ಬೂದುಗುಂಬಳ ಬಂತು, ಡಬ್ಬಿ ಬರಲಿಲ್ಲ.

ಹಬ್ಬ ಮುಗಿದು ಕೆಲಸ ಶುರುವಾದ ದಿನ ಡಬ್ಬಿಯನ್ನು ತಕ್ಕಡಿಗೆ ಇಟ್ಟೆ. ತಟ್ಟೆ ಧಪ್ಪನೆ ಕೆಳಗೆ ಕೂತಿತು. ತೊಳೆದ ನೀರನ್ನೆಲ್ಲ ಇದ್ದಿಲು ಕುಡಿದಿತ್ತು, ಇನ್ನು ವಿಷ ಹೀರಲು ಅದರಲ್ಲಿ ಜಾಗವಿರಲಿಲ್ಲ.

"ಇದನ್ನ ಹಾಕ್ಕೊಂಡು ಇಳಿದ್ರೆ ಹೆಣ ಎತ್ಬೇಕಾಗುತ್ತೆ ಸಾರ್," ಎಂದೆ.

"ತೊಳೆದ್ಮೇಲೆ ಅವನು ಬಿಸಿಲಿಗೆ ಇಟ್ಟಿದ್ನಲ್ರೀ ಮುರುಗೇಶಪ್ಪ," ಎಂದರು ಷಡಕ್ಷರಪ್ಪ. "ಇವತ್ತು ಟ್ಯಾಂಕ್ ಕ್ಲೀನ್ ಆಗ್ಲೇಬೇಕು."

ಅವರಿಗೇನು, ಇಳಿಯುವವರು ಅವರಲ್ಲ. ಸಾಯುವವನಾದರೂ ಹಿಂಜರಿಯಬೇಡವೇ? ಬಂಗಾರಪ್ಪ ನಗುತ್ತ ಕೈ ಚಾಚಿದ.

"ಪೂಜೆ ಮಾಡಿದೀನಿ ಸಾರ್, ಅದು ನನ್ನ ಕೈ ಬಿಡಲ್ಲ. ಕೊಡಿ ಇಲ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಎತ್ತಿಕೊಂಡು ಹೊರಗೆ ನಡೆದೆ. ಗೇಟಿನ ಹತ್ತಿರ ಕುಂಬಳಕಾಯಿ ಒಡೆದ ಜಾಗದಲ್ಲಿ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಅಲ್ಲೇ ಇಟ್ಟು ಸುತ್ತಿಗೆಯಿಂದ ಬಡಿದೆ. ಸಾಲದೆಂದು ಮತ್ತೆ ಬಡಿದೆ. ತಗಡು ಸೀಳಿ ಒದ್ದೆ ಇದ್ದಿಲು ಹೊರಗೆ ಚೆಲ್ಲಿತು. ಇದ್ದದ್ದು ಅದೊಂದೇ ಡಬ್ಬಿ. ಇನ್ನು ಅವನನ್ನು ಹೇಗೆ ಇಳಿಸುತ್ತಾರೋ ಇಳಿಸಲಿ, ನೋಡೋಣ.

ಷಡಕ್ಷರಪ್ಪ ಅಂದೇ ನನ್ನನ್ನು ಕೆಲಸದಿಂದ ತೆಗೆದರು. ಅದು ಗೊತ್ತಿದ್ದದ್ದೇ. ನನ್ನ ಹೊಟ್ಟೆ ಉರಿಸಿದ್ದು ಬಂಗಾರಪ್ಪ. ನೆಲಕ್ಕೆ ಕೂತು ಇದ್ದಿಲನ್ನೂ ಹೂವನ್ನೂ ಟವೆಲಿಗೆ ಬಳಿದುಕೊಂಡು ಅಳುತ್ತಿದ್ದ.

"ಪೂಜೆ ಮಾಡಿದ್ದನ್ನ ಒಡೆದುಬಿಟ್ರಲ್ಲ ಸಾರ್. ನಿಮಗೆ ಒಳ್ಳೇದಾಗುತ್ತಾ?"

ಟವೆಲಿನಿಂದ ಕಪ್ಪು ನೀರು ಅವನ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಅವನಿಗೆ ಕಾಣಲೇ ಇಲ್ಲ.

ಈಗಲೂ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಹೋಗಲಿ, ಮುಠ್ಠಾಳ. ನಡೆದುಕೊಂಡು ಹೋಗುತ್ತಾನಲ್ಲ.